ಬಂಗುಡೆ ಪುನಃ ಹತ್ತಿರ ಬರ್ಲಿಕ್ಕೆ ಶುರು ಮಾಡಿದ್ದಾನೆ (ಇಗ್ವಾನ ಲಾಗ್, ಡಿಸೆಂಬರ್‌ನಿಂದ ಮೇವರೆಗೆ)

ಹೆಸರು ಬಂಗುಡೆ, ಆದ್ರೆ ಮೀನು ಮುಟ್ಟುದಿಲ್ಲ, ಪ್ಯೂರ್ ವೆಜ್. ಮರಿ ಇರುವಾಗ ಮೈಮೇಲಿನ ಪಟ್ಟೆ ನೋಡಿ ತಂಗಿ ಇಟ್ಟ ಹೆಸರು ಅದು. ಈಗ ಬಾಲ ಸೇರಿ ನಾಲ್ಕಡಿ ದಾಟಿದ ಗಂಡು ಗ್ರೀನ್ ಇಗ್ವಾನ (ಸೊಪ್ಪು ತಿನ್ನುವ ದೊಡ್ಡ ಹಲ್ಲಿ ಜಾತಿ), ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ಮಂಗಳೂರಿನ ಕದ್ರಿಯಲ್ಲಿ ನಮ್ಮದು ಹಳೆ ಹಂಚಿನ ಮನೆ, ಚಾವಡಿ ಪಕ್ಕದ ಸಣ್ಣ ರೂಮು ಪೂರ್ತಿ ಅವನದ್ದೇ.

ಡಿಸೆಂಬರ್

ನವೆಂಬರ್‌ವರೆಗೆ ತೊಡೆ ಮೇಲೆ ಬಂದು ಕೂತು ದಾಸವಾಳ ತಿಂತಿದ್ದವ ಈಗ ನಾನು ಬಾಗಿಲು ತೆಗೆದ್ರೆ ಸಾಕು, ಮೈ ಚಪ್ಪಟೆ ಮಾಡಿ ದೊಡ್ಡದಾಗಿ ತೋರಿಸಿ, ಗಂಟಲ ಚೀಲ ಇಳಿಸಿ, ಬಾಲ ಒಂದು ಕಡೆ ಬಗ್ಗಿಸಿ ರೆಡಿ. ಬಾಲದ ಪೆಟ್ಟು ಅಂದ್ರೆ ಹಳೆ ಕಾಲದ ಮಾಸ್ಟ್ರ ನಾಗರಬೆತ್ತದ ಹಾಗೆ ಮಾರ್ರೆ, ಬರೆ ಬರ್ತದೆ.

ಕಾರಣ ಎಂತ ಅಂತ ಗೊತ್ತುಂಟು. ಪೊರೆ ಬಿಡುವಾಗ ಹಿಂಗಾಲಿನ ಒಂದು ಬೆರಳಲ್ಲಿ ಹಳೆ ಚರ್ಮ ಉಂಗುರದ ಹಾಗೆ ಉಳ್ಕೊಂಡು ಬಿಗಿದು, ರಕ್ತ ಸರಿ ಹೋಗದೆ ಬೆರಳು ಬಾತು ಇನ್ಫೆಕ್ಷನ್ ಆಯ್ತು. ಡಾಕ್ಟ್ರು ಇಂಜೆಕ್ಷನ್ ಕೋರ್ಸ್ ಬರೆದ್ರು, ಜೊತೆಗೆ ಬೆರಳು ಬೆಟಾಡಿನ್ ನೀರಲ್ಲಿ ನೆನೆಸ್ಲಿಕ್ಕೆ. ಇಂಜೆಕ್ಷನ್ ಮುಂಗಾಲಿಗೇ ಕೊಡುದು, ಯಾಕಂದ್ರೆ ಈ ಜಾತಿಯಲ್ಲಿ ಹಿಂಗಾಲಿನ ಕಡೆಯ ರಕ್ತ ಕಿಡ್ನಿ ಹಾದು ಹೋಗುವ ಚಾನ್ಸ್ ಉಂಟು, ಮದ್ದು ಅಲ್ಲೇ ಸೋರಿ ಹೋಗ್ಬಹುದು ಇಲ್ಲಾ ಕಿಡ್ನಿಗೇ ಪೆಟ್ಟಾಗ್ಬಹುದು. ಹಾಗಾಗಿ ದಿನಾ ನೀಲಿ ಟವೆಲಲ್ಲಿ ಸುತ್ತಿ, ತಂಗಿ ಹಿಡಿದು, ನಾನು ಚುಚ್ಚಿ. ಬೆರಳು ಉಳೀತು, ದೋಸ್ತಿ ಹೋಯ್ತು. ಮಾಡದೆ ಬೇರೆ ದಾರಿ ಇರ್ಲಿಲ್ಲ, ಅದಕ್ಕೆ ಬೇಜಾರೂ ಇಲ್ಲ.

ಡಿಸೆಂಬರ್ ಕೊನೆ

ಇನ್ನೊಂದು ತಲೆಬಿಸಿ ಸೇರಿಕೊಂಡಿತು. ಮುಂಗಾಲು, ಬೆನ್ನಿನ ಮುಳ್ಳು ಎಲ್ಲ ಕೇಸರಿ ಬಣ್ಣಕ್ಕೆ ತಿರುಗ್ತಾ ಉಂಟು, ತೊಡೆ ಅಡಿಯ ರಂಧ್ರಗಳಿಂದ ಮೇಣದ ಹಾಗಿನ್ನದ್ದು ಹೊರಗೆ ಬರ್ತಾ ಉಂಟು, ಊಟ ಅರ್ಧಕ್ಕೆ ಇಳಿದಿದೆ. ಸೀಸನ್, ಅಂದ್ರೆ ಹೆಣ್ಣು ಹುಡುಕುವ ಕಾಲ! ಪ್ರಾಯಕ್ಕೆ ಬಂದ ಗಂಡು ಇಗ್ವಾನಕ್ಕೆ ವರ್ಷಕ್ಕೊಮ್ಮೆ ಕೆಲವು ವಾರ ಇದು ಇದ್ದದ್ದೇ, ಎಷ್ಟು ಸಾಧು ಆಗಿದ್ರೂ.

ಇಲ್ಲಿ ಒಂದು ವಿಷಯ ಸ್ವಲ್ಪ ಉದ್ದಕ್ಕೆ ಬರೀತೇನೆ, ಯಾಕಂದ್ರೆ ಎಲ್ಲರೂ 'ಇಗ್ವಾನಕ್ಕೆ ಕೋಪ ಬಂದಿದೆ' ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ಹೆದರಿಕೆಯಿಂದ ಹೊಡೆಯುವವ ಜಾಗ ಬಿಟ್ಟು ಬರುದಿಲ್ಲ, ಮೂಲೆಯಲ್ಲಿ ಉಬ್ಬಿಕೊಂಡು ಬಾಲ ಬೀಸ್ತಾನೆ, ದಾರಿ ಸಿಕ್ಕಿದ್ರೆ ಓಡ್ತಾನೆ. ಸೀಸನ್ನಿನವ ಹಾಗಲ್ಲ, ತಲೆ ಜೋರಾಗಿ ಆಡಿಸ್ತಾ ಅವನೇ ನಮ್ಮ ಕಡೆ ನಡೆದುಕೊಂಡು ಬರ್ತಾನೆ, ಬಾಯಿ ತೆರೆದು. ಅವನ ಹಲ್ಲು ಸಣ್ಣದು ಆದ್ರೆ ಗರಗಸದ ಅಂಚು, ಸೊಪ್ಪು ಕತ್ತರಿಸ್ಲಿಕ್ಕೆ ಇರುವಂತದ್ದು, ಮನುಷ್ಯನ ಚರ್ಮ ಅದಕ್ಕೆ ಲೆಕ್ಕ ಇಲ್ಲ. ಬಂಗುಡೆ ಬೆಳಿಗ್ಗೆ ಟವೆಲ್ ಕಂಡ್ರೆ ಮೊದಲನೇದ್ದು, ಮಧ್ಯಾಹ್ನ ಕಿಟಕಿ ಹತ್ರ ಎರಡನೇದ್ದು. ಎರಡಕ್ಕೂ ಒಂದೇ ಮದ್ದು ಆಗುದಿಲ್ಲ. ಸೀಸನ್ ತನ್ನಷ್ಟಕ್ಕೆ ಇಳೀತದೆ, ಕಾಯುದು ಮಾತ್ರ. ಹೆದರಿಕೆ ತನ್ನಷ್ಟಕ್ಕೆ ಇಳಿಯುದಿಲ್ಲ.

ಕಿಟಕಿ ಯಾಕೆ ಅಂತ ನೋಡಿದ್ರೆ ಗಾಜಲ್ಲಿ ಅವನದ್ದೇ ನೆರಳು, ಇನ್ನೊಂದು ಗಂಡು ಬಂದಿದೆ ಅಂತ ಇವನ ಲೆಕ್ಕ. ಹಳೆ ಉದಯವಾಣಿ ಅಂಟಿಸಿದೆ, ಅವತ್ತು ಸಂಜೆಯೇ ಅಲ್ಲಿ ಯುದ್ಧ ನಿಂತಿತು. ಬಿಸಿಲಿಗೆ ತೊಂದ್ರೆ ಇಲ್ಲ, ಗಾಜಿನಿಂದ ಬರುವ ಬಿಸಿಲಲ್ಲಿ ಯುವಿಬಿ (ಇವನ ಮೂಳೆಗೆ ಬೇಕಾದ ಅತಿನೇರಳೆ ಕಿರಣ) ಹೇಗೂ ಇರುದಿಲ್ಲ, ಅದಕ್ಕೆ ಟ್ಯೂಬ್ ಬೇರೆ ಉಂಟು.

ಜನವರಿ

ರೂಲ್ ಒಂದೇ: ಮದ್ದು ಮುಗಿದಿದೆ, ಹಾಗಾಗಿ ಹಿಡಿಯುದು ಬಂದ್. ನೀರು ಬದಲಿಸು, ಸೊಪ್ಪು ಇಡು, ಕೂತ್ಕೊ. ರೂಮಿನ ಮೂಲೆಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಮೊಬೈಲ್ ನೋಡ್ತಾ ಕೂತ್ಕೊಳ್ಳುದು, ಅವನನ್ನು ನೇರ ನೋಡುದೂ ಇಲ್ಲ. ಅದೂ ಬೆಳಿಗ್ಗೆ ದೀಪದಡಿ ಮೈ ಬಿಸಿ ಮಾಡಿಕೊಂಡ ಮೇಲೆ. ಬಾಸ್ಕಿಂಗ್ ಜಾಗ 35ರಿಂದ 38 ಡಿಗ್ರಿ ಇಟ್ಟಿದ್ದೇನೆ. ನಾನು ಹಾಕಿ ಬಿಟ್ಟ, ತೊಳೆಯದ ಟೀಶರ್ಟ್ ಒಂದನ್ನು ಅವನ ಹಲಗೆ ಹತ್ರ ಹಾಕಿದೆ. ಮೊದಲು ಬಾಲದಲ್ಲಿ ಹೊಡ್ದ, ಮತ್ತೆ ನಾಲಗೆ ಹಾಕಿ ನೋಡಿದ, ಈಗ ಅದರ ಮೇಲೇ ಮಲಗ್ತಾನೆ.

ಪರಿಚಯದವರೊಬ್ರು ಹೇಳಿದ್ದು, 'ಕುತ್ತಿಗೆ ಹಿಡಿದು ನೆಲಕ್ಕೆ ಒತ್ತು, ಯಾರು ಬಾಸ್ ಅಂತ ಗೊತ್ತಾಗ್ಲಿ'. ಎಂತ ಸಾವು ಮಾರ್ರೆ, ಹಿಡಿದು ಒತ್ತಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು. ಸೀಸನ್ನಲ್ಲಿರುವ ಗಂಡಿಗೆ ನೀವು ಬಾಸ್ ಅಲ್ಲ, ಇನ್ನೊಂದು ಗಂಡು. ಅದರ ಮೇಲೆ ಬಾಲ ಎಳೆದ್ರೆ ಬಾಲ ತುಂಡಾಗಿ ಕೈಯಲ್ಲಿ ಉಳೀತದೆ, ಪುನಃ ಬಂದದ್ದು ಮೊದಲಿನಷ್ಟು ಚಂದ ಇರುದಿಲ್ಲ.

ಜಾತ್ರೆಯ ವಾರ ಮನೆ ತುಂಬ ನೆಂಟರು, ಎಂತದೂ ಮಾಡ್ಲಿಲ್ಲ.

ಹಾಂ, ಅದರಲ್ಲಿ ಒಬ್ರು ಇವನನ್ನು ಉಡ ಅಂದ್ಕೊಂಡು ಗಾಬರಿ ಆದ್ರು. ಉಡ ಸಾಕಿದ್ರೆ ಗಾಬರಿ ಆಗ್ಲೇಬೇಕು, ಅದು ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1, ಜೈಲಿಗೆ ಹೋಗುವ ಕೆಲಸ. ಇವನು ಸೆಂಟ್ರಲ್ ಅಮೆರಿಕ, ಸೌತ್ ಅಮೆರಿಕ ಕಡೆಯವ, ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿ, 2024ರ ನಿಯಮ ಬಂದ ಮೇಲೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡ್ಲೇಬೇಕು. ಪ್ರಿಂಟ್ ತೆಗೆದು ಬಾಗಿಲಿಗೇ ಅಂಟಿಸುವ ಅಂತ ಉಂಟು.

ಫೆಬ್ರವರಿ

ಕೇಸರಿ ಬಣ್ಣ ಇಳೀತಾ ಉಂಟು, ಹಸಿವು ವಾಪಸ್. ಈಗ ಕೆಲಸ ಶುರು ಮಾಡ್ಬಹುದು.

ಬೇಲಿಯಲ್ಲಿ ಕೆಂಪು ದಾಸವಾಳ ಬೇಕಾದಷ್ಟು ಉಂಟು, ಇವನಿಗೆ ಅದಕ್ಕಿಂತ ದೊಡ್ಡ ಲಂಚ ಇಲ್ಲ. ದಿನದ ಬಟ್ಟಲಿನಿಂದ ದಾಸವಾಳ ತೆಗೆದುಬಿಟ್ಟೆ, ಅದು ಸಿಗುದು ನನ್ನ ಹತ್ರ ಮಾತ್ರ. ಮೊದಲು ಉದ್ದದ ಇಕ್ಕಳದಲ್ಲಿ, ಮತ್ತೆ ಗಿಡ್ಡ ಇಕ್ಕಳ, ಮತ್ತೆ ಕೈಯಲ್ಲಿ ಹಿಡಿದ ಸ್ಟೀಲ್ ತಟ್ಟೆ. ಬೆರಳಲ್ಲಿ ಕೊಡುದು ಬೇಡ, ಹೂವು ಎಲ್ಲಿಗೆ ಮುಗೀತು ಬೆರಳು ಎಲ್ಲಿಂದ ಶುರು ಅಂತ ಅವನು ನೋಡ್ಲಿಕ್ಕೆ ಹೋಗುದಿಲ್ಲ.

ಕೈ ಯಾವತ್ತೂ ಬದಿಯಿಂದ, ಕೆಳಗಿಂದ. ಇಗ್ವಾನದ ನೆತ್ತಿಯಲ್ಲಿ ಮೂರನೇ ಕಣ್ಣು ಉಂಟು, ನಿಜವಾಗಿ, ಸಣ್ಣ ಬೆಳ್ಳಗಿನ ಚುಕ್ಕೆ. ಅದರಲ್ಲಿ ರೂಪ ಕಾಣುದಿಲ್ಲ, ಬೆಳಕು ನೆರಳು ಮಾತ್ರ ಗೊತ್ತಾಗುದು. ಮೇಲಿಂದ ನೆರಳು ಬಿದ್ರೆ ಗಿಡುಗ ಅಂತ ಲೆಕ್ಕ. ಡಿಸೆಂಬರಲ್ಲಿ ಟವೆಲ್ ಬಂದದ್ದೂ ಮೇಲಿಂದಲೇ ಅಲ್ವಾ.

ಟವೆಲ್ ವಿಷಯಕ್ಕೆ ಒಂದು ಟೆಸ್ಟ್ ಮಾಡಿದೆ. ಹಳದಿ ಟವೆಲ್ ಹೆಗಲಿಗೆ ಹಾಕಿ ಹೋದ್ರೆ ಕ್ಯಾರೇ ಇಲ್ಲ. ನೀಲಿ ಹಾಕಿದ್ರೆ ಬಾಗಿಲಲ್ಲೇ ಉಬ್ಬಿದ. ಇವಕ್ಕೆ ಬಣ್ಣ ಚೆನ್ನಾಗಿ ಕಾಣ್ತದೆ, ನೆನಪೂ ಉಂಟು. ನೀಲಿ ಟವೆಲ್ ಈಗ ಸ್ಕೂಟರ್ ಒರೆಸ್ಲಿಕ್ಕೆ.

ಮಾರ್ಚ್

ತಟ್ಟೆಯಿಂದ ತಿಂತಾನೆ, ತಟ್ಟೆ ನನ್ನ ಮೊಣಕಾಲ ಹತ್ರ. ಎಡಗೈಗೆ ದಪ್ಪ ಜೀನ್ಸ್ ತೋಳು ಹಾಕಿ ಬದಿಯಿಂದ ಹೆಗಲು ಮುಟ್ಟಿದೆ. ಬಾಲ ಬೀಸಿದ. ಕೈ ಎಳೀಲಿಲ್ಲ, ಒತ್ತಲೂ ಇಲ್ಲ, ಅಲ್ಲೇ ಇಟ್ಟೆ. ಮೈಯ ಗಾಳಿ ಇಳಿಸಿ ಕೂತ ಮೇಲೆ ಕೈ ತೆಗೆದು ಹೂ ಕೊಟ್ಟೆ. ಹೊಡೆದ ಕೂಡ್ಲೇ ಓಡಿದ್ರೆ 'ಹೊಡೆದ್ರೆ ಇವ ಹೋಗ್ತಾನೆ' ಅಂತ ಪಾಠ ಆಗ್ತದೆ.

ಮುಟ್ಟಿದಾಗ ಕಣ್ಣು ಮುಚ್ಚಿದ ವಿಡಿಯೋ ತಂಗಿ ತೆಗೆದು 'ನೋಡು ಎಷ್ಟು ಖುಷಿ' ಅಂತ ಸ್ಟೇಟಸ್ ಹಾಕಿದ್ಳು. ಕೈ ಇದ್ದ ಬದಿಯ ಕಣ್ಣು ಮಾತ್ರ ಮುಚ್ಚಿದ್ರೆ ಅದು ಖುಷಿಯೇ ಆಗ್ಬೇಕಂತ ಇಲ್ಲ, 'ನೀನು ಇಲ್ಲಿ ಇಲ್ಲ ಅಂತ ತಿಳ್ಕೊಳ್ತೇನೆ' ಅಂತಲೂ ಇರ್ಬಹುದು. ನಾನು ನೋಡುದು ಉಸಿರು ಮತ್ತು ಬಾಲ. ಬಾಲ ಸಡಿಲ, ಉಸಿರು ನಿಧಾನ ಇದ್ರೆ ಮುಂದೆ ಹೋಗುದು, ಇಲ್ಲದಿದ್ರೆ ಅವತ್ತಿಗೆ ಸಾಕು.

ಊಟದ ಬಗ್ಗೆ ಸುಮಾರು ಜನ ಕೇಳ್ತಾರೆ: ನುಗ್ಗೆ ಸೊಪ್ಪು, ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ, ಚೀನಿಕಾಯಿ ತುರಿ, ಚೂರು ಅಲಸಂಡೆ, ಅಪರೂಪಕ್ಕೆ ಪಪ್ಪಾಯ. ಕ್ಯಾಲ್ಸಿಯಂ ರಂಜಕದ ಎರಡು ಪಾಲು ಇರ್ಬೇಕು, ಇಲ್ಲದಿದ್ರೆ ಮೂಳೆ ಮೆತ್ತಗಾಗ್ತದೆ. ಬಸಳೆ, ಹರಿವೆ ಮನೆಯಲ್ಲಿ ದಂಡಿ ಉಂಟು ಅಂತ ದಿನಾ ಹಾಕ್ಬೇಡಿ, ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡ್ತದೆ. ಪತ್ರೊಡೆಯ ಕೆಸುವಿನ ಎಲೆಯಂತೂ ಬೇಡವೇ ಬೇಡ, ಬೇಯಿಸದ್ದು ನಮ್ಮ ಗಂಟಲಿಗೇ ಆಗುದಿಲ್ಲ.

ಮೇ

ಏಪ್ರಿಲಲ್ಲಿ ಬರೀಲಿಕ್ಕೆ ವಿಶೇಷ ಎಂತ ಇರ್ಲಿಲ್ಲ, ಅದೇ ತಟ್ಟೆ ಅದೇ ಸ್ಟೂಲ್. ಮೊನ್ನೆ ನಾನು ನೆಲದಲ್ಲಿ ಕೂತಿದ್ದಾಗ ತಟ್ಟೆ ಇಲ್ಲದೆಯೇ ತೊಡೆ ಹತ್ತಿದ. ಉಗುರು ಕತ್ತರಿಸದೆ ತಿಂಗಳುಗಟ್ಟಲೆ ಆದ್ದರಿಂದ ಲುಂಗಿಯೂ ಹರಿದು ತೊಡೆಯೂ ಗೀರಿ ಹೋಯ್ತು, ಆದ್ರೂ ಅಲ್ಲಾಡ್ಲಿಲ್ಲ. ಮತ್ತೆ ಕೈಕಾಲು ಸೋಪ್ ಹಾಕಿ ತೊಳೆದೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಅವನ ದೋಸ್ತಿ ನೋಡಿ ಬಿಡುದಿಲ್ಲ.

ತಂಗಿಗೆ ಇನ್ನೂ ಬಾಲ ಬೀಸ್ತಾನೆ. ಹಿಡಿದವಳು ಅವಳಲ್ವಾ, ಚುಚ್ಚಿದವನನ್ನು ಮಾಫಿ ಮಾಡಿದ್ದಾನೆ ಹಿಡಿದವಳನ್ನು ಬಿಡ್ಲಿಲ್ಲ. ಅವಳು ಈಗ ಸ್ಟೂಲ್ ಹಂತದಿಂದ ಶುರು.

ಮುಂದಿನ ಕೆಲಸ ಉಗುರು, ಒಂದು ಸಲಕ್ಕೆ ಒಂದೇ ಬೆರಳು. ಅದರ ಜೊತೆಗೆ ಕ್ಯಾರಿಯರ್ ಬಾಕ್ಸ್: ಬಾಗಿಲು ಕಳಚಿ ರೂಮಲ್ಲೇ ಇಟ್ಟು ಒಳಗೆ ಹೂ ಹಾಕ್ತಾ ಇದ್ದೇನೆ, ಡಾಕ್ಟ್ರ ಹತ್ರ ಹೋಗ್ಬೇಕಾದ್ರೆ ಇನ್ನು ಟವೆಲ್ ಬೇಡ ಅಂತ. ಸದ್ಯಕ್ಕೆ ಮುಂಗಾಲು ಎರಡು ಒಳಗೆ, ಉಳಿದದ್ದೆಲ್ಲ ಹೊರಗೆ. ಮಳೆ ಶುರುವಾಗುವ ಮೊದಲು ದೀಪಕ್ಕೆ ಇನ್ವರ್ಟರ್ ಲೈನ್ ಎಳೆಸ್ಬೇಕು, ಎಲೆಕ್ಟ್ರಿಷಿಯನ್ ಸೋಮವಾರ ಬರ್ತೇನೆ ಅಂದಿದ್ದಾರೆ.