ಚಾಕಿಗೆ ದಾರ ಕಟ್ಟಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರು ಅಂತ ಸುದ್ದಿ ಬಂದಾಗ ಮೊದಲು ನೆನಪಾದದ್ದು ಕರಿಹಲಗೆಯ ಮೇಲಿನ ಸೈಕಲ್.

ವಿಷಯ 'ವೆಬ್ ಮತ್ತು ಸಮಾಜ'. ಕಂಪ್ಯೂಟರ್ ಬಗ್ಗೆ ಹೇಳ್ತಾರೆ ಅಂತ ಕೂತಿದ್ದೆವು. ಅವರು ಚಾಕಿಗೆ ದಾರ ಕಟ್ಟಿ, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಹಲಗೆ ತುಂಬ ಒಂದು ಚಕ್ರ ಎಳೆದರು. ಹಿಂದೆ ಇನ್ನೊಂದು ಪುಟಾಣಿ ಚಕ್ರ. 19ನೇ ಶತಮಾನದ ಎತ್ತರದ ಸೈಕಲ್ ಅದು. ಹುಡುಗರಿಗೆ ಅದರ ವೇಗ ಇಷ್ಟ. ಹೆಂಗಸರಿಗೆ, ವಯಸ್ಸಾದವರಿಗೆ ಬೀಳುವ ಭಯ. ಆ ಎಳೆದಾಟದಲ್ಲೇ ಈಗಿನ ಸೈಕಲ್ ರೂಪುಗೊಂಡಿತು ಅಂತ 1984ರಲ್ಲಿ ಸಮಾಜಶಾಸ್ತ್ರಜ್ಞರಾದ ಪಿಂಚ್ ಮತ್ತು ಬೈಕರ್ ಬರೆದರು. "ಯಂತ್ರ ತಾನಾಗೇ ಬೆಳೆಯಲ್ಲ ಕಣ್ರೋ. ಯಾರಿಗೆ ಬೇಕಿತ್ತು ಅಂತ ಕೇಳಿ" ಅಂದರು ಮೇಷ್ಟ್ರು.

ವೆಬ್‌ಗೂ ಅದೇ ಪ್ರಶ್ನೆ. ಆಗ ಇಂಟರ್ನೆಟ್ಟಿನಲ್ಲಿ ಮಾಹಿತಿ ಹುಡುಕಲು ವೆಬ್‌ಗೆ ಪೈಪೋಟಿಯಾಗಿ ಗೋಫರ್ ಅಂತ ಇನ್ನೊಂದು ವ್ಯವಸ್ಥೆ ಇತ್ತು. 1993ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ ತನ್ನ ಗೋಫರ್ ಸರ್ವರ್‌ಗೆ ಕೆಲವರಿಂದ ಶುಲ್ಕ ಕೇಳುವುದಾಗಿ ಹೇಳಿತು. ಅದೇ ವರ್ಷ ಏಪ್ರಿಲ್ 30ರಂದು ವೆಬ್ ಹುಟ್ಟಿದ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ವೆಬ್ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಜನ ಇತ್ತ ಹೊರಳಿದರು.

ಇನ್ನು ನಮ್ಮ ಕಿತಾಪತಿ. ಪ್ರತಿಯೊಬ್ಬರೂ ಒಂದು ಪುಟ ಮಾಡಿ, ಇಷ್ಟವಾದ ಮೂರು ಪುಟಗಳಿಗೆ ಲಿಂಕ್ ಕೊಡಬೇಕಿತ್ತು. ನಾವು ನಾಲ್ವರು ಲ್ಯಾಬಿನಲ್ಲಿ ಕೂತು ಇಲ್ಲದ ವಿದ್ಯಾರ್ಥಿಯೊಬ್ಬನನ್ನು ಹುಟ್ಟಿಸಿದೆವು. ಖಾಲಿ ಪುಟ, ಮೇಲೊಂದು ಹೆಸರು, ಅಷ್ಟೇ. ನಾಲ್ವರೂ ಅದಕ್ಕೆ ಲಿಂಕ್ ಕೊಟ್ಟೆವು. ಎಲ್ಲರೂ ಕೊಟ್ಟಿದ್ದಾರಲ್ಲ ಅಂತ, ವಾರದೊಳಗೆ ಅರ್ಧ ಕ್ಲಾಸು ಸುಮ್ನೆ ಅದಕ್ಕೇ ಕೊಟ್ಟುಬಿಟ್ಟಿತ್ತು! ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಸಿಕ್ಕಿಬಿದ್ದೆವು. ಎದ್ದು ನಿಂತು ಒಪ್ಪಿಕೊಂಡವನು ನಾನೊಬ್ಬನೇ. ಅದು ಇವತ್ತಿಗೂ ನನಗೆ ಹೆಮ್ಮೆ.

ಮೇಷ್ಟ್ರು ಬೈಯಲಿಲ್ಲ. "ಜನ ಮರುಳೋ ಜಾತ್ರೆ ಮರುಳೋ" ಅಂತ ನಕ್ಕು, ಲಿಂಕ್‌ಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಗೀಟು ಹಾಕಿ ಎಣಿಸಿದರು. ಅಂಗಿಯ ತೋಳೆಲ್ಲ ಚಾಕ್ ಪುಡಿ. ಭೌತವಿಜ್ಞಾನಿಗಳಾದ ಬರಬಾಶಿ ಮತ್ತು ಆಲ್ಬರ್ಟ್ 1999ರಲ್ಲಿ ತೋರಿಸಿದ್ದು ಇದನ್ನೇ ಅಂದರು. ಜಾಸ್ತಿ ಲಿಂಕ್ ಇರುವ ಪುಟಕ್ಕೇ ಹೊಸ ಲಿಂಕ್‌ಗಳೂ ಜಾಸ್ತಿ ಬರುತ್ತವೆ. ಒಳಗೆ ಏನಿದೆ ಅಂತ ನೋಡದೆಯೂ ಬರಬಹುದು. ನಮ್ಮ ಖಾಲಿ ಪುಟವೇ ಸಾಕ್ಷಿ.

ಉಳಿದ ಸಿಲಬಸ್ ಪೂರ್ತಿ ಮರೆತುಹೋಗಿದೆ.

ಈಗ ಪಾಠ ಹೇಳಲು ಕರೆದರೆ ಹೋಗುತ್ತೇನೆ. ಮಕ್ಕಳು ಸ್ಲೈಡ್‌ಗಳ ಫೋಟೊ ತೆಗೆದುಕೊಳ್ಳುತ್ತಾರೆ. ನಮಗಿಂತ ಬುದ್ಧಿವಂತರು. ಆದರೆ ಕಿತಾಪತಿ ಮಾಡಿ ಸಿಕ್ಕಿಬೀಳುವಷ್ಟು ಬಿಡುವನ್ನು ಅವರಿಗೆ ಯಾರೂ ಕೊಟ್ಟಿಲ್ಲ. ಸಂಕಟವಾಗುತ್ತದೆ.

ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂದಾಗ "ಇದು ಯಾರಿಗೆ ಬೇಕಿತ್ತು?" ಅಂತ ಮೊದಲು ಕೇಳುವವನು ನಾನೇ. ಕಿರಿಯರು ಅದನ್ನು ನನ್ನ ಮಾತು ಅಂದುಕೊಂಡಿದ್ದಾರೆ. ನಮ್ಮ ಮೇಷ್ಟ್ರದ್ದು ಅಂತ ಪ್ರತಿ ಸಲವೂ ಹೇಳುತ್ತೇನೆ.