ಹುಲ್ಲು ಮೇಯುವ ಎಲುಬು

15 ನವೆಂಬರ್ 2025, ಶನಿವಾರ

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ; ನಮ್ಮ ಗುಂಪಿನಲ್ಲಿ ಕಥೆ ನಡೆಸುವವಳು ನಾನು. ಇವತ್ತಿನ ಆಟ ಮುಗಿದು ಉಳಿದವರು ಹೊರಟರೂ ತಮ್ಮ ಮಾತ್ರ ದಾಳಗಳನ್ನು ಡಬ್ಬಿಗೆ ಹಾಕದೆ ಕುಳಿತಿದ್ದ. ಅವನ ಪಾತ್ರ, ಹೆಣಗಳ ಮಾಂತ್ರಿಕ ನೆಕ್ರೊಮ್ಯಾನ್ಸರ್, ಐದನೆಯ ಹಂತಕ್ಕೇರಿದ್ದಾನೆ, ಸತ್ತವರನ್ನು ಎಬ್ಬಿಸುವ ಮಂತ್ರ ಕೈಗೆ ಬಂದಿದೆ. ಸಂಜೆಯಿಡೀ ಅದೇ ಸಂಭ್ರಮ.

"ಅಕ್ಕಾ, ನಾಳೆ ನಾನು ಮಂತ್ರ ಹಾಕದಿದ್ದರೆ ಈ ಅಸ್ಥಿಪಂಜರ ಏನು ಮಾಡುತ್ತದೆ?"

ನಿಯಮ ಹೇಳಿದೆ. ಎಬ್ಬಿಸಿದ ಅಸ್ಥಿಪಂಜರ ಮಾತು ಕೇಳುವುದು 24 ಗಂಟೆ ಮಾತ್ರ. ಅಷ್ಟರೊಳಗೆ ಅದೇ ಮಂತ್ರವನ್ನು ಮತ್ತೆ ಹಾಕಿ ಹಿಡಿತ ಉಳಿಸಿಕೊಳ್ಳಬೇಕು. ಮರೆತರೆ ಅದು ಕುಸಿದು ಬೀಳುವುದಿಲ್ಲ, ನಿನ್ನ ಅಪ್ಪಣೆಗೆ ಕಿವಿಗೊಡುವುದನ್ನು ಬಿಡುತ್ತದೆ, ಅಷ್ಟೇ.

"ಬಿಟ್ಟು?"

ಆಟದ ಪ್ರಾಣಿ-ಪಿಶಾಚಿಗಳ ಕೈಪಿಡಿಯಾದ 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ ತೆರೆದು ತೋರಿಸಿದೆ. ಒಡೆಯನಿಲ್ಲದ ಅಸ್ಥಿಪಂಜರಗಳು ಕೆಲವೊಮ್ಮೆ ಬದುಕಿದ್ದಾಗಿನ ಕೆಲಸವನ್ನೇ ಮಾಡುತ್ತಿರುತ್ತವಂತೆ. ಗಣಿಗಾರನದು ಗುದ್ದಲಿ ಎತ್ತುತ್ತದೆ, ಕಾವಲುಗಾರನದು ಯಾವುದೋ ಒಂದು ಬಾಗಿಲಿಗೆ ಕಾವಲು ನಿಲ್ಲುತ್ತದೆ, ಕುದುರೆಯದು ತಿನ್ನಲಾಗದ ಹುಲ್ಲನ್ನು ಮೇಯುತ್ತದೆ. ಜೀವ ಇರುವುದೇನಾದರೂ ಎದುರಾದರೆ ಮಾತ್ರ ಕೊಲ್ಲಲು ಬರುತ್ತವೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದು ಯಾರದು?" ಎಂದ.

ಮೂರು ತಾಸು ಆ ಎಲುಬಿನ ಗೂಡನ್ನು ಅಡಗಿಸಿಟ್ಟ ಬಲೆಗಳ ಮೇಲೆ ಮುಂದೆ ನಡೆಸಿದವನು ಈಗ ಕೇಳುತ್ತಿದ್ದಾನೆ! ದೋಣಿ ನಡೆಸುವವನದು ಎಂದುಬಿಟ್ಟೆ, ಬಾಯಿಗೆ ಬಂದದ್ದು. ಅವನ ಮುಖ ಸಣ್ಣದಾಯಿತು. ಹಾಗಾದರೆ ಬಿಡುವ ಹಾಗಿಲ್ಲ, ಹೊಳೆ ದಾಟಲು ಬಂದವರನ್ನೆಲ್ಲ ಕೊಲ್ಲುತ್ತದೆ ಎಂದ. ಒಡೆದುಹಾಕು ಎಂದೆ. ಅದಕ್ಕೂ ಮನಸ್ಸಿಲ್ಲ. ಇನ್ನು ದಿನಕ್ಕೆ ಸಿಗುವ ಕೆಲವೇ ಮೂರನೆಯ ಹಂತದ ಮಂತ್ರಗಳಲ್ಲಿ ಒಂದು ದೋಣಿಯವನಿಗೇ ಹೋಗುತ್ತದೆ, ಬೆಂಕಿಯುಂಡೆ ಎಸೆಯಬೇಕಾದಾಗ ಕೈ ಖಾಲಿ. ಉಳಿದವರು ಅವನನ್ನು ಸುಮ್ಮನೆ ಬಿಡುವುದಿಲ್ಲ.

2000ದಲ್ಲಿ ಬಂದ ಕಂಪ್ಯೂಟರ್ ಆಟ ಡಯಾಬ್ಲೊ 2ರ ನೆಕ್ರೊಮ್ಯಾನ್ಸರ್‌ಗೆ ಈ ತಲೆನೋವಿಲ್ಲ. ಹೆಣ ಬಿದ್ದಲ್ಲೇ ಎಲುಬು ಏಳುತ್ತದೆ, ಹೆಣ ಹೆಚ್ಚಾದರೆ ಸಿಡಿಸಿಬಿಡಬಹುದು. ಆಡಲು ಬಲು ಮಜ, ಆದರೆ ಅಲ್ಲಿ ಯಾರೂ ದೋಣಿಯವರಲ್ಲ.

ನಿದ್ದೆ ಬರಲಿಲ್ಲ. ನನ್ನ ಲಿಚ್‌ನ ಟಿಪ್ಪಣಿ ತೆಗೆದೆ. ಈ ಕಥೆಯ ಕೊನೆಯ ಖಳ ಅವನು, ನನ್ನ ಆಟಗಾರರು ಅವನ ಹತ್ತಿರ ಬರಲು ಇನ್ನೂ ಬಹಳ ಕಾಲ ಬೇಕು. ಲಿಚ್ ಎಂದರೆ ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಜಾತಿಯೇ, ಇವನ ಆತ್ಮ ಇರುವುದು ಫಿಲಾಕ್ಟರಿ ಎಂಬ ಮಂತ್ರದ ಕರಂಡಕದಲ್ಲಿ. ಮೈಯನ್ನು ಪುಡಿಮಾಡಿದರೂ ಹತ್ತು ದಿನದೊಳಗೆ ಅದರ ಪಕ್ಕದಲ್ಲೇ ಹೊಸ ಮೈ ಪಡೆದು ಏಳುತ್ತಾನೆ. 1975ರ ಗ್ರೇಹಾಕ್ ಪುರವಣಿಯಿಂದ ಈಚೆಗೆ ಇವನಿಲ್ಲದೆ ನಮ್ಮ ಈ ಆಟಕ್ಕೆ ದೊಡ್ಡ ಖಳರೇ ಇಲ್ಲವೇನೋ ಅನ್ನಿಸುವಷ್ಟು ಬಂದುಹೋಗಿದ್ದಾನೆ. ಆಟದ ಹೆಸರಾಂತ ಖಳರಾದ ವೆಕ್ನಾ, ಅಸೆರೆರಾಕ್ ಎಲ್ಲರೂ ಇವನ ಕುಲವೇ. ಹೆಚ್ಚಿನವರು ಅವನನ್ನು ಸಿಂಹಾಸನದಲ್ಲಿ ಕೂರಿಸಿ ಗಹಗಹಿಸಿ ನಗಿಸುತ್ತಾರೆ. ನನಗೆ ಅದು ಬೇಸರ.

ಐದನೆಯ ಆವೃತ್ತಿಯ ಆ 2014ರ ಪುಸ್ತಕದಂತೆ ಅವನು ಫಿಲಾಕ್ಟರಿಗೆ ಆಗಾಗ ಬೇರೆಯವರ ಆತ್ಮಗಳನ್ನು ಉಣಿಸುತ್ತಲೇ ಇರಬೇಕು. ಮರೆತರೆ ಮೈ ಕಳಚುತ್ತ ಹೋಗಿ ಕೊನೆಗೆ ಡೆಮಿಲಿಚ್ ಆಗುತ್ತಾನೆ, ಉಳಿಯುವುದು ಬುರುಡೆ ಮಾತ್ರ. ಅಂದರೆ ಸಾವನ್ನೇ ಗೆದ್ದೆನೆಂದು ಬೀಗುವವನಿಗೂ ತಮ್ಮನ ಪಾಡೇ: ಗಡುವು, ಮತ್ತೆ ಗಡುವು. ತಮ್ಮ ದೋಣಿಯವನಿಗಾಗಿ ತನ್ನ ಮಂತ್ರ ಖರ್ಚು ಮಾಡುತ್ತಾನೆ, ಇವನು ಖರ್ಚು ಮಾಡುವುದು ಬೇರೆಯವರನ್ನು.

ಇವನನ್ನು ಮರೆವಿನವನಾಗಿ ಮಾಡಬೇಕು. ಹಸಿವೇ ಇಲ್ಲದವನು ಉಣಿಸುವುದನ್ನು ಮರೆಯುವುದು ಸಹಜ. ಆ ಕೆಲಸವನ್ನು ಶಿಷ್ಯೆಯೊಬ್ಬಳಿಗೆ ವಹಿಸಿದ್ದಾನೆ, ಅವಳು ಬೇಕೆಂದೇ ತಡಮಾಡುತ್ತಿದ್ದಾಳೆ ಎಂದಿಟ್ಟುಕೊಂಡರೆ? ಹಾಗಾದರೆ ಗುಂಪಿಗೆ ಮೊದಲ ಪತ್ರ ಕಳುಹಿಸಿದವಳೂ ಅವಳೇ ಆಗಬಹುದು. ಆದರೆ ಆ ಪತ್ರದ ಮುದ್ರೆ ರಾಜನದೆಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ, ರಾಜನನ್ನು ಯಾರೂ ಹಗಲಲ್ಲಿ ನೋಡಿಲ್ಲ ಎಂದೂ. ಅಂದ ಮೇಲೆ ರಾಜನೇ