ಅತ್ತೂರಿನ ಹರಕೆ, ಲಾರೆನ್ಸರ ಲೆಕ್ಕ

ಜನವರಿ ಕೊನೆಗೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚಿನಲ್ಲಿ ವಾರ್ಷಿಕ ಹಬ್ಬವಾದ ಸಾಂತ್‌ಮಾರಿ. ಕರಾವಳಿಯವರಿಗೆ ಈ ಹಬ್ಬವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕ್ರೈಸ್ತರ ಜೊತೆಗೆ ಬೇರೆ ಧರ್ಮದವರೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ, ಸಂತ ಲಾರೆನ್ಸರಿಗೆ ಹರಕೆ ಒಪ್ಪಿಸುತ್ತಾರೆ, ಪುಷ್ಕರಿಣಿಯ ನೀರನ್ನು ಮನೆಗೆ ಕೊಂಡೊಯ್ಯುತ್ತಾರೆ. 2016ರಿಂದ ಆ ಚರ್ಚು ಕಿರು ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು. ಮಗುವಿಗೆ ಆರೋಗ್ಯ, ಮಗಳಿಗೆ ಮದುವೆ, ಮಗನಿಗೆ ಕೆಲಸ, ಇವೇ ಹೆಚ್ಚಿನವರ ಬೇಡಿಕೆ. ಬೇಡುವುದರಲ್ಲಿ ತಪ್ಪೇನೂ ಇಲ್ಲ, ನಾನೂ ಬೇಡುತ್ತೇನೆ. ಆದರೆ ನಾವು ಕೈಮುಗಿಯುವ ಈ ಸಂತ ತಮ್ಮ ಜೀವಿತದಲ್ಲಿ ಮಾಡಿಕೊಂಡಿದ್ದ ಕೆಲಸ ಯಾವುದೆಂದು ಎಷ್ಟು ಜನ ಯೋಚಿಸುತ್ತೇವೆ? ರೋಮಿನ ಧರ್ಮಸಭೆಯ, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯದ, ಹಣಕಾಸು ನೋಡಿಕೊಳ್ಳುವ ಡೀಕನ್ (ಗುರುಗಳಿಗಿಂತ ಕೆಳಗಿನ ಸೇವಾ ಪದವಿ) ಅವರು. ಬಡವರ ಪಾಲಿನ ದುಡ್ಡು ಅವರ ಕೈಯಲ್ಲಿತ್ತು.

ಅವರ ಕಾಲದ ರೋಮನ್ನು ಸ್ವಲ್ಪ ನೋಡಬೇಕು. ನಮ್ಮ ಕಾಲವನ್ನು ನೋಡಿ "ಇಷ್ಟು ಕೆಟ್ಟಿರಲಿಲ್ಲಪ್ಪ" ಎಂದು ನಿಟ್ಟುಸಿರು ಬಿಡುವವರಿಗೆ ಅದರಿಂದ ಧೈರ್ಯ ಬಂದೀತು. ಕ್ರಿ.ಶ. 250ರ ಹೊತ್ತಿಗೆ ಚಕ್ರವರ್ತಿ ಡೀಸಿಯಸ್ ಒಂದು ಆಜ್ಞೆ ಹೊರಡಿಸಿದ: ಸಾಮ್ರಾಜ್ಯದ ಜನರೆಲ್ಲ ಅಧಿಕಾರಿಗಳ ಮುಂದೆ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅರ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಇಂದಿಗೂ ಸಿಕ್ಕಿವೆ, ಹೆಸರು, ಊರು, ಸಾಕ್ಷಿಯ ಸಹಿ ಎಲ್ಲ ಇರುವ ಪಪೈರಸ್ ತುಂಡುಗಳು. ಕೆಲವು ಕ್ರೈಸ್ತರು ಒಪ್ಪದೆ ಸೆರೆಮನೆ ಸೇರಿದರು. ಕೆಲವರು ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಬಲಿಯನ್ನೂ ಕೊಡಲಿಲ್ಲ, ಸೆರೆಗೂ ಹೋಗಲಿಲ್ಲ. ಅಧಿಕಾರಿಯ ಕೈ ಬೆಚ್ಚಗೆ ಮಾಡಿ ಪತ್ರ ಬರೆಸಿಕೊಂಡರು.

ಈ ಮೂರನೆಯವರೇ ನನ್ನನ್ನು ಕಾಡುವವರು. ಅವರು ಕೆಟ್ಟವರಲ್ಲ. ಹೆಂಡತಿ ಮಕ್ಕಳಿದ್ದವರು, ಭಾನುವಾರ ಪ್ರಾರ್ಥನೆಗೆ ಸೇರುತ್ತಿದ್ದವರು. "ಮನಸ್ಸಿನಲ್ಲಿ ನಾನು ಕ್ರಿಸ್ತನವನೇ, ಕಾಗದದಲ್ಲಿ ಏನಿದ್ದರೇನು" ಎಂದು ಸಮಾಧಾನ ಹೇಳಿಕೊಂಡಿರಬೇಕು. ಮನೆಯಲ್ಲಿ ಕಾರಿದ್ದೂ ಬಿಪಿಎಲ್ ಕಾರ್ಡು ಮಾಡಿಸುವಾಗ, ಜಾಗ ನೋಂದಣಿಯಲ್ಲಿ ಬೆಲೆ ಕಡಿಮೆ ತೋರಿಸುವಾಗ, ಚುನಾವಣೆಯ ಹಿಂದಿನ ರಾತ್ರಿ ಬಂದ ಲಕೋಟೆಯನ್ನು ಬೇಡವೆನ್ನದೆ ಒಳಗಿಡುವಾಗ ನಾವು ಹೇಳಿಕೊಳ್ಳುವ ಸಮಾಧಾನವೂ ಹೆಚ್ಚುಕಡಿಮೆ ಅದೇ. "ಎಲ್ಲರೂ ಮಾಡುತ್ತಾರೆ" ಎಂಬ ಒಂದು ಮಾತು ಜೊತೆಗೆ ಸೇರುತ್ತದೆ, ಅಷ್ಟೆ. ಪ್ರಭು ಯೇಸು ಬೆಟ್ಟದ ಮೇಲೆ ಕುಳಿತು ಹೇಳಿದ್ದು ಬಹಳ ಸರಳ: ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ. ಅದರಲ್ಲಿ ಕಾಗದಕ್ಕೊಂದು, ಮನಸ್ಸಿಗೊಂದು ಎಂಬ ವಿನಾಯಿತಿ ಇಲ್ಲ.

ಹಿಂಸೆ ತಣ್ಣಗಾದ ಮೇಲೆ ಧರ್ಮಸಭೆಯೇ ಒಡೆಯಿತು. ಬಲಿ ಕೊಟ್ಟವರನ್ನು ಮತ್ತೆ ಒಳಗೆ ಸೇರಿಸಿಕೊಳ್ಳಬೇಕೇ ಎಂಬುದು ಪ್ರಶ್ನೆ. ನೊವೇಷಿಯನ್ ಎಂಬ ವಿದ್ವಾಂಸ ಗುರು ಖಡಾಖಂಡಿತವಾಗಿ ಬೇಡವೆಂದರು. ಪೋಪ್ ಕೊರ್ನೇಲಿಯಸ್ ಹೇಳಿದ್ದು ಬೇರೆ: ಪಶ್ಚಾತ್ತಾಪಪಡಲಿ, ಪ್ರಾಯಶ್ಚಿತ್ತ ಮಾಡಲಿ, ಬಾಗಿಲು ತೆರೆದಿರಲಿ. 251ರಲ್ಲಿ ಈ ಜಗಳದ ನಡುವೆ ಕೊರ್ನೇಲಿಯಸ್ ಬರೆದ ಒಂದು ಪತ್ರವನ್ನು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾರೆ. ರೋಮಿನ ಧರ್ಮಸಭೆಯಲ್ಲಿ 46 ಗುರುಗಳು, 7 ಡೀಕನ್‌ಗಳು ಎಂದು ಎಣಿಸುತ್ತ ಹೋಗಿ, ಕೊನೆಗೆ 1500ಕ್ಕೂ ಹೆಚ್ಚು ವಿಧವೆಯರು ಮತ್ತು ಸಂಕಟದಲ್ಲಿರುವವರು ಸಭೆಯ ಆಸರೆಯಲ್ಲಿದ್ದಾರೆ ಎನ್ನುತ್ತಾರೆ ಅವರು. ಯಾರು ಶುದ್ಧರು, ಯಾರು ಅಶುದ್ಧರು ಎಂಬ ವಾದದ ಪತ್ರದಲ್ಲಿ ಆ ವಿಧವೆಯರ ಲೆಕ್ಕ ಬಂದು ಕುಳಿತಿದೆ! ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಲಾರೆನ್ಸರ ಕೈಗೆ ಬಂದದ್ದು ಇಂಥ ಹೊಣೆ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಆಜ್ಞೆ ಹೊರಟಿತು. ಬಿಷಪರು, ಗುರುಗಳು, ಡೀಕನ್‌ಗಳು ಸಿಕ್ಕ ಕೂಡಲೇ ಮರಣದಂಡನೆ. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್‌ಟಸರನ್ನು ಸಮಾಧಿ ಭೂಮಿಯಲ್ಲೇ ಹಿಡಿದು ಕೊಂದರು. ನಾಲ್ಕು ದಿನ ಕಳೆದು, ಆಗಸ್ಟ್ 10ಕ್ಕೆ, ಲಾರೆನ್ಸರ ಸರದಿ. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ನಗರಾಧಿಕಾರಿ ಕೇಳಿದ, ಲಾರೆನ್ಸ್ ಗಡುವು ಕೇಳಿಕೊಂಡು ಇದ್ದುದನ್ನೆಲ್ಲ ಹಂಚಿಬಿಟ್ಟರು, ಆಮೇಲೆ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು "ಇವರೇ ಸಭೆಯ ಸಂಪತ್ತು" ಎಂದರು ಎಂಬುದು ಸಂಪ್ರದಾಯ. ಕೊರ್ನೇಲಿಯಸರು ಎಣಿಸಿದ ವಿಧವೆಯರಲ್ಲಿ ಬದುಕಿದ್ದವರು ಆ ಗುಂಪಿನಲ್ಲಿ ಇದ್ದಿರಲೇಬೇಕು ಎಂದು ನನಗನಿಸುತ್ತದೆ. ಕಾದ ಕಬ್ಬಿಣದ ಜಾಲರಿಯ ಮೇಲೆ ಅವರನ್ನು ಸುಟ್ಟು ಕೊಂದರೆಂಬ ಕತೆ ಎಲ್ಲರಿಗೂ ಗೊತ್ತು. ನನ್ನ ಭಕ್ತಿ ಹೆಚ್ಚು ನಿಲ್ಲುವುದು ಆ ಗಡುವಿನ ದಿನಗಳಲ್ಲಿ. ಸಾವು ಬಾಗಿಲಲ್ಲಿ ನಿಂತಿರುವಾಗ ಒಬ್ಬ ಮನುಷ್ಯ ಓಡಿಹೋಗದೆ, ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸುತ್ತ ಓಣಿ ಓಣಿ ಸುತ್ತಿದ ದಿನಗಳವು. ಅವರ ಹಬ್ಬದ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆಯಲ್ಲಿ) ಬೈಬಲಿನ 112ನೆಯ ಕೀರ್ತನೆ ಓದುತ್ತಾರೆ: ಬಡವರಿಗೆ ಧಾರಾಳವಾಗಿ ಕೊಟ್ಟವನ ನೀತಿ ಸದಾಕಾಲ ನಿಲ್ಲುತ್ತದೆ ಎಂದು.

ನಮ್ಮ ಲೋಕವೂ ಒಡೆದಿದೆ. ಮನೆಯ ಊಟದ ಮೇಜಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಚರ್ಚಿನ ವಾಳೆಯ (ವಾರ್ಡಿನ) ಕೂಟದಲ್ಲಿ "ನೀನು ಯಾವ ಕಡೆ" ಎಂಬ ಪ್ರಶ್ನೆ. ಸತ್ಯ ಸುಳ್ಳು ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಹೇಳಬೇಕು. ಆದರೆ ಕಳೆ ಕೀಳಲು ಹೊರಟ ಆಳುಗಳನ್ನು ಯಜಮಾನ ತಡೆದ ಸಾಮತಿ (ಯೇಸು ಹೇಳಿದ ದೃಷ್ಟಾಂತ ಕತೆ) ಶುಭಸಂದೇಶದಲ್ಲೇ ಇದೆ. ಗೋಧಿಯನ್ನೂ ಕಿತ್ತುಬಿಟ್ಟೀರಿ, ಸುಗ್ಗಿಯ ತನಕ ಎರಡೂ ಬೆಳೆಯಲಿ ಎಂದನಲ್ಲ. ಕೀಳುವ ಕೆಲಸ ನಮ್ಮದಲ್ಲದಿದ್ದರೆ ಉಳಿದದ್ದು ಬೆಳೆಯುವ ಕೆಲಸ, ಮತ್ತು ಅದು ಬಹಳ ಸಣ್ಣಸಣ್ಣ ವಿಷಯಗಳಲ್ಲಿ ಆಗುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಕೂಗುತ್ತದೆ ಎಂದು ಬೈಬಲಿನಲ್ಲಿರುವ ತಮ್ಮ ಪತ್ರದಲ್ಲಿ ಯಾಕೋಬ ಬರೆದರು. ನಮ್ಮ ಅಂಗಳ ಗುಡಿಸುವವರ, ತೋಟದಲ್ಲಿ ಅಡಿಕೆ ಕೊಯ್ಯುವವರ ಕೂಲಿಯೂ ಹಾಗೆಯೇ. ಅದರ ಬಗ್ಗೆ ಯಾವ ಕಡೆಯವರೂ ಘೋಷಣೆ ಕೂಗುವುದಿಲ್ಲ.

ನೊವೇಷಿಯನರ ದಾರಿಯೂ ನಮಗೆ ದೂರದ್ದಲ್ಲ. ಬೇರೆ ಧರ್ಮದವನನ್ನು ಮದುವೆಯಾದಳೆಂದು ಮಗಳ ಹೆಸರೆತ್ತದ ಮನೆಗಳಿವೆ. ಕುಡಿತಕ್ಕೆ ಬಿದ್ದು ಎದ್ದು ಬಂದವನಿಗೆ ಚರ್ಚಿನ ಬೆಂಚಿನಲ್ಲಿ ಯಾರೂ ಪಕ್ಕಕ್ಕೆ ಸರಿದು ಜಾಗ ಕೊಡದಿರುವುದೂ ಉಂಟು. ನಾವು ನೀತಿಯ ಪರವಾಗಿದ್ದೇವೆ ಎಂಬ ನಂಬಿಕೆಯಲ್ಲೇ ಇದೆಲ್ಲ ನಡೆಯುತ್ತದೆ.

ಪೀಠದ ಬಳಿ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದರು ಪ್ರಭು. ಹಾಗಾಗಿ ಮುಂದಿನ ಸಾಂತ್‌ಮಾರಿಗೆ ನನ್ನ ಹರಕೆ ಇಷ್ಟು: ಮನೆಗೆಲಸಕ್ಕೆ ಬರುವ ಅಮ್ಮನಿಗೆ ಕ್ರಿಸ್ಮಸ್ ಒಳಗೆ ಸಂಬಳ ಹೆಚ್ಚಿಸಿ, ರಜೆಯ ದಿನಗಳಿಗೂ ಸೇರಿಸಿ ಕೊಡುವುದು, ನಮ್ಮ ಕುಟುಂಬ ದೂರವಿಟ್ಟಿರುವ ತಂಗಿಯ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಊಟ ಮಾಡಿ ಬರುವುದು. ಒಪ್ಪಿದರೆ ಅವಳನ್ನೂ ಅವಳ ಗಂಡನನ್ನೂ ಅತ್ತೂರಿಗೆ ನಮ್ಮ ಜೊತೆ ಕರೆಯುವುದು.